ಎಸೆಯುವ ತೋಳು: ಬಲ ಮುಂದೆ, ನೋವು ಹಿಂದೆ

ಡೀಪ್‌ನಿಂದ ಥ್ರೋ ಮಾಡುವ ಫೀಲ್ಡರ್, ವಾಲಿಬಾಲ್ ಸ್ಮ್ಯಾಷರ್, ಜಾವೆಲಿನ್ ಎಸೆಯುವ ಹುಡುಗಿ, ಯಾರೇ ಆಗಲಿ, ತೋಳಿಗೆ ಬಲ ಬೇಕೆಂದರೆ ಪುಷ್‌ಅಪ್, ಬೆಂಚ್‌ಪ್ರೆಸ್ ಶುರುಮಾಡುತ್ತಾರೆ. ಎದೆ, ರಟ್ಟೆ ಗಟ್ಟಿಯಾಗುತ್ತವೆ. ಆದರೆ ಹೆಚ್ಚಿನವರಿಗೆ ನೋವು ಬರುವುದು ಭುಜದ ಹಿಂಬದಿಯಲ್ಲಿ.

ಕಾರಣ ಸರಳ. ಎಸೆಯುವಾಗ ತೋಳು ಒಳಮುಖವಾಗಿ ತಿರುಗುವ ವೇಗ, ಬೇಸ್‌ಬಾಲ್ ಪಿಚರ್‌ಗಳಲ್ಲಿ ಅಳೆದಂತೆ, ಸೆಕೆಂಡಿಗೆ 7000 ಡಿಗ್ರಿಯ ಆಸುಪಾಸು. ಚೆಂಡು ಕೈಬಿಟ್ಟ ಮರುಕ್ಷಣ ಆ ವೇಗವನ್ನು ತಡೆಯಬೇಕಾದದ್ದು ಮುಖ್ಯವಾಗಿ ಹಿಂಬದಿಯ ಎರಡು ಸಣ್ಣ ಸ್ನಾಯುಗಳು: ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್. ಉದ್ದವಾಗುತ್ತಲೇ ಬಿಗಿಹಿಡಿಯುವ ಈ ಕೆಲಸವೇ ಅವಕ್ಕೆ ಅತಿ ಕಷ್ಟದ್ದು. ಎಂಜಿನ್ ದೊಡ್ಡದು ಮಾಡಿ ಹಳೇ ಬ್ರೇಕಿನಲ್ಲೇ ಆಗುಂಬೆ ಘಾಟಿ ಇಳಿದಂತೆ ಆಗುತ್ತದೆ ನಮ್ಮ ಹುಡುಗರ ತಯಾರಿ.

ಅಳೆಯುವುದು ಮನೆಯಲ್ಲೇ ಸಾಧ್ಯ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಕಿಟಕಿ ಸರಳಿಗೆ ಕಟ್ಟಿ. ಮೊಣಕೈ ಪಕ್ಕೆಗೆ ತಾಗಿರಲಿ, 90 ಡಿಗ್ರಿ ಮಡಚಿರಲಿ. ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ ಪಟ್ಟಿ ಮಣಿಕಟ್ಟಿನ ಮೇಲೆ ಪ್ರತಿಸಲವೂ ಒಂದೇ ಜಾಗದಲ್ಲಿರಲಿ, ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ಮುಂಗೈಯನ್ನು ಹೊಟ್ಟೆಯತ್ತ ಒಳಕ್ಕೆ ಎಳೆದಾಗ 12 ಕೆಜಿ ತೋರಿಸಿದರೆ ಹೊರಕ್ಕೆ 9 ಕೆಜಿ ಬರಬೇಕು, ಅಂದರೆ ಮುಕ್ಕಾಲು ಪಾಲು. ಅದೇ 12ಕ್ಕೆ 8ಕ್ಕಿಂತ ಕೆಳಗಿದ್ದರೆ ಎಸೆತ ಕಡಿಮೆ ಮಾಡಿ, ಹಿಂಬದಿಗೆ ಕೆಲಸ ಕೊಡಿ. ಎಳೆಯುವಾಗಲೇ ನೋವಾದರೆ ಅಳತೆ ಅಲ್ಲಿಗೇ ನಿಲ್ಲಿಸಿ.

ಮೊದಲ ವ್ಯಾಯಾಮಕ್ಕೆ ಬೇಕಾದ್ದು ಒಂದು ಟವೆಲ್, ಒಂದು ಲೀಟರ್ ನೀರಿನ ಬಾಟಲಿ. ಎಸೆಯದ ಕೈ ಕೆಳಗಾಗುವಂತೆ ಮಗ್ಗುಲಾಗಿ ಮಲಗಿ, ಮೇಲಿನ ಕಂಕುಳಿಗೆ ಸುತ್ತಿದ ಟವೆಲ್ ಇಟ್ಟು, ಮಡಚಿದ ಮುಂಗೈಯನ್ನು ಮೇಲಕ್ಕೆ ತಿರುಗಿಸಿ. ಇಳಿಸಲು ನಾಲ್ಕು ಸೆಕೆಂಡ್ ತೆಗೆದುಕೊಳ್ಳಿ. ಲಾಭವೆಲ್ಲ ಆ ಇಳಿಸುವುದರಲ್ಲಿದೆ. 15ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಟವೆಲ್ ಜಾರಿದರೆ, ಸೊಂಟ ಹಿಂದಕ್ಕೆ ಹೊರಳಿದರೆ, ಹೆಗಲು ಕಿವಿಯತ್ತ ಏರಿದರೆ ತೂಕ ಜಾಸ್ತಿಯಾಯಿತು ಎಂದರ್ಥ. ಅರ್ಧ ಕೆಜಿಯಂತಲೇ ಏರಿಸಿ. ಇಲ್ಲಿ ಐದು ಕೆಜಿ ಎತ್ತಿ ತೋರಿಸುವವರು ಬೇರೆ ಸ್ನಾಯುಗಳಿಂದ ಎತ್ತುತ್ತಿರುತ್ತಾರೆ, ಅಷ್ಟೇ.

ಹೆಗಲ ಹಲಗೆಯನ್ನು ಹಿಡಿದಿಡುವ ಸ್ನಾಯುಗಳಿಗೆ ಪುಷ್‌ಅಪ್ ಸಾಕು, ಆದರೆ ಮೇಲೆ ಬಂದ ಮೇಲೆ ಬೆನ್ನನ್ನು ಇನ್ನೊಂದಿಷ್ಟು ಮೇಲಕ್ಕೆ ನೂಕಬೇಕು. ನಾಲ್ಕು ವಾರ ನೋವಿಲ್ಲದೆ ಕಳೆದರೆ, ಒಂದು ಮೊಣಕಾಲೂರಿ ಕೂತು, ಗೆಳೆಯ ಹಿಂದಿನಿಂದ ಹಾಕುವ ಅರ್ಧ ಕೆಜಿ ಚೆಂಡನ್ನು ಭುಜದ ಮೇಲೆ ಹಿಡಿದು ಎಸೆತದಂತೆಯೇ ಮುಂದಕ್ಕೆ ತಂದು ನಿಲ್ಲಿಸಿ, ಬಳಿಕ ಹಿಂದಕ್ಕೆ ಎಸೆಯಿರಿ. ಇವನ್ನೆಲ್ಲ ಅಭ್ಯಾಸದ ಬಳಿಕ ಮಾಡಿ. ದಣಿದ ಸ್ನಾಯುವಿಟ್ಟುಕೊಂಡು ಎಸೆಯಲು ಹೋಗಬಾರದು.

ಮಲೆನಾಡಿನಲ್ಲಿ ಇದಕ್ಕೆ ಒಳ್ಳೆಯ ಕಾಲ ಮಳೆಗಾಲವೇ. ಜೂನ್, ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಮೈದಾನ ಕೆಸರುಗದ್ದೆ. ಎಸೆತ ನಿಂತಿರುತ್ತದೆ, ಜಗಲಿಯಂತೂ ಖಾಲಿ ಇರುತ್ತದೆ. ಆಮೇಲೆ ಮಳೆ ಹೊಳವಾದ ಮೊದಲ ವಾರವೇ ಪೂರ್ತಿ ಬಲದಿಂದ 60 ಮೀಟರ್ ಥ್ರೋ ಮಾಡಲು ಹೋಗುವುದೇ ಎಡವಟ್ಟು. ಅರ್ಧ ದೂರ, ದಿನಬಿಟ್ಟು ದಿನ, 30 ಎಸೆತದಿಂದ ಆರಂಭಿಸಿ. ಒದ್ದೆ ಚೆಂಡು ಬೇಡ. ನೀರು ಕುಡಿದ ಚೆಂಡು ಭಾರ, ಜಾರುವುದರಿಂದ ಬಿಗಿಯಾಗಿಯೂ ಹಿಡಿಯಬೇಕಾಗುತ್ತದೆ.

ಅಡಿಕೆ ಕೊಯ್ಲಿನ ದಿನಗಳಲ್ಲಿ ದಿನವಿಡೀ ದೋಟಿ ಹಿಡಿದವರು ಅದೇ ಸಂಜೆ ನೆಟ್ಸ್‌ಗೆ ಬರಬೇಡಿ. ತಲೆಮೇಲೆ ಕೈಯೆತ್ತಿ ದುಡಿದ ಭುಜಕ್ಕೆ ರಾತ್ರಿ ವಿಶ್ರಾಂತಿ ಬೇಕು.

ಎಸೆದ ಮರುದಿನ ಸ್ವಲ್ಪ ಬಿಗುವು ಸಹಜ. ಆದರೆ ಆ ಮಗ್ಗುಲಿಗೆ ಮಲಗಲಾಗದಷ್ಟು ರಾತ್ರಿ ನೋವು, ಬೆರಳಲ್ಲಿ ಜೋಮು, ಭುಜ ಜಾರಿದಂತೆ ಅನಿಸುವುದು, ಕೈ ಎತ್ತಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿಕೊಳ್ಳುವುದು ಮಾತ್ರ ಬೇಡ.