ರಾಗಿ ಹಿಟ್ಟಿನ ಡಬ್ಬಿ ಹಿಂದಕ್ಕೆ ಸರಿಯುವುದೇಕೆ?

ಆಹಾರ ಸಲಹೆಗೆಂದು ಬರುವವರಿಗೆ ರಾಗಿ, ಜೋಳ, ಸಜ್ಜೆ ತಿನ್ನಿ ಎಂದು ಹೇಳುವ ಕೆಲಸ ಈಗ ನನಗೆ ಉಳಿದಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಪೇಟೆಯ ಮನೆಗಳಲ್ಲೂ ಈ ಹಿಟ್ಟುಗಳು ಬಂದು ಕುಳಿತಿವೆ. ಹಾಗಾಗಿ ನಾನು ಕೇಳುವುದು ಬೇರೆ: ‘ಆ ಡಬ್ಬಿಯ ಮುಚ್ಚಳ ಕೊನೆಯ ಸಲ ತೆರೆದದ್ದು ಯಾವಾಗ?’ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ರೊಟ್ಟಿ ಬಿರುಕು ಬಿಟ್ಟಿತು, ಮುದ್ದೆ ಗಂಟಾಯಿತು, ಸಜ್ಜೆ ಹಿಟ್ಟು ಕಹಿಯಾಯಿತು. ಡಬ್ಬಿ ಮೆಲ್ಲಗೆ ಗೋಧಿ ಹಿಟ್ಟಿನ ಹಿಂದಕ್ಕೆ ಸರಿಯಿತು.

ಇದರಲ್ಲಿ ಧಾನ್ಯದ ತಪ್ಪಿಲ್ಲ. ಗೋಧಿಗೆ ಒಗ್ಗಿದ ಕೈಯಿಂದ ಜೋಳವನ್ನು ನಾದಲು ಹೋಗುತ್ತೇವೆ, ಅಷ್ಟೆ. ಗೋಧಿಯಲ್ಲಿ ಗ್ಲುಟೆನ್ ಇದೆ. ತಣ್ಣೀರು ಹಾಕಿ ನಾದಿದರೂ ಅದು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳ, ರಾಗಿ, ಸಜ್ಜೆಗಳಲ್ಲಿ ಅದು ಇಲ್ಲ. ಇಲ್ಲಿ ಅಂಟು ಬರಬೇಕಾದರೆ ಪಿಷ್ಟದಿಂದಲೇ ಬರಬೇಕು, ಪಿಷ್ಟಕ್ಕೋ ಬಿಸಿನೀರು ಕುಡಿದು ಉಬ್ಬಿದ ಮೇಲಷ್ಟೇ ಅಂಟಿನ ಗುಣ. ಹಾಸನದ ಕಡೆಯ ನಾನು ಧಾರವಾಡದ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಜೋಳದ ಹಿಟ್ಟು ಕಲಸಿದ್ದೆ. ತಟ್ಟಿದ ರೊಟ್ಟಿ ಅಂಚಿನಿಂದಲೇ ಸೀಳತೊಡಗಿತು. ಅತ್ತೆಯವರು ಏನೂ ಹೇಳಲಿಲ್ಲ. ಒಲೆಯ ಮೇಲೆ ಕುದಿಯುತ್ತಿದ್ದ ಎಸರಿನ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಆಹಾರ ವಿಜ್ಞಾನದಲ್ಲಿ ಪದವಿ ಪಡೆದಿದ್ದ ನನಗೆ ಪಿಷ್ಟದ ಪಾಠ ನಿಜವಾಗಿ ಆದದ್ದು ಅಂದು.

ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರು ಸುರಿದು, ಮೊದಲು ಸೌಟಿನಿಂದ ಕಲಸಿ. ಕೈ ತಾಳುವಷ್ಟು ಆರಿದ ಕೂಡಲೇ ಒಂದೆರಡು ರೊಟ್ಟಿಗೆ ಸಾಕಾಗುವಷ್ಟನ್ನು ಮಾತ್ರ ಎಳೆದುಕೊಂಡು ಅಂಗೈಯ ಬುಡದಿಂದ ಒತ್ತಿ ನಾದಿ. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಕೊನೆಯ ಉಂಡೆಗಳು ಒಣಗಿ ಒಡೆಯುತ್ತವೆ. ಇಷ್ಟಾದರೂ ರೊಟ್ಟಿ ಬಾರದಿದ್ದರೆ ಹಿಟ್ಟಿನ ವಯಸ್ಸು ಕೇಳಿ. ಬೀಸಿ ಬಹಳ ದಿನವಾದ ಹಿಟ್ಟಿಗೆ ‘ಜಿಗಿ’ ಇರುವುದಿಲ್ಲ ಎಂದು ಉತ್ತರ ಕರ್ನಾಟಕದ ಹೆಂಗಸರು ಹೇಳುತ್ತಾರೆ. ಅವರು ಮಾಲದಂಡಿ ಜೋಳವನ್ನು ವರ್ಷಕ್ಕಾಗುವಷ್ಟು ತುಂಬಿಟ್ಟುಕೊಂಡರೂ ಗಿರಣಿಗೆ ಒಯ್ಯುವುದು ವಾರಕ್ಕೆ ಬೇಕಾದಷ್ಟನ್ನೇ.

ಸಜ್ಜೆಯ ವಿಷಯದಲ್ಲಿ ಈ ಶಿಸ್ತು ಇನ್ನೂ ಕಟ್ಟುನಿಟ್ಟು. ಅದರಲ್ಲಿ ನೂರಕ್ಕೆ ಸುಮಾರು ಐದು ಭಾಗ ಎಣ್ಣೆಯಂಶ. ಬೀಸಿದೊಡನೆ ಕಾಳಿನ ಕಿಣ್ವಗಳು ಆ ಎಣ್ಣೆಯನ್ನು ಒಡೆಯತೊಡಗುತ್ತವೆ, ಕೆಲವೇ ದಿನಗಳಲ್ಲಿ ಕಹಿ ಏರುತ್ತದೆ. ಅಂಗಡಿಯಿಂದ ತಂದ ಸಜ್ಜೆ ಹಿಟ್ಟಿನ ಪೊಟ್ಟಣದ ಮೇಲೆ ಬೀಸಿದ ದಿನಾಂಕ ನೋಡದೆ ಕಾಳನ್ನು ಬೈಯಬೇಡಿ. ಉಳಿದ ಹಿಟ್ಟು ಫ್ರಿಜ್‌ನಲ್ಲಿರಲಿ.

ರಾಗಿಯ ಮಾತು ಸ್ವಲ್ಪ ಉದ್ದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಕಾಳು ಬಹಳ ಸಣ್ಣದಾದ್ದರಿಂದ ಹೊಟ್ಟು ಬೇರೆ ಮಾಡುವುದು ಕಷ್ಟ, ಹೀಗಾಗಿ ಹೊಟ್ಟಿನ ಸಮೇತವೇ ಹಿಟ್ಟಾಗುತ್ತದೆ. ಕ್ಯಾಲ್ಸಿಯಂನ ದೊಡ್ಡ ಪಾಲು ಇರುವುದು ಆ ಹೊಟ್ಟಿನಲ್ಲಿಯೇ. ಮುದ್ದೆ ನುಣ್ಣಗಾಗಲೆಂದು ಸಣ್ಣ ಜರಡಿಯಲ್ಲಿ ಎರಡೆರಡು ಸಲ ಸೋಸುವವರು ಎಸೆಯುತ್ತಿರುವುದು ಏನನ್ನು ಎಂದು ಯೋಚಿಸಲಿ. ಹಾಲುಗೂಸಿನ ಸರಿಗೆ ವಸ್ತ್ರಗಾಳಿತ ಹಿಟ್ಟು ಬೇಕು, ಸರಿ, ದೊಡ್ಡವರಿಗೇಕೆ?

ಅದೇ ಹೊಟ್ಟಿನಲ್ಲಿ ಫೈಟೇಟ್ ಮತ್ತು ಟ್ಯಾನಿನ್ ಕೂಡ ಇವೆ. ಇವು ಕ್ಯಾಲ್ಸಿಯಂ, ಕಬ್ಬಿಣಗಳನ್ನು ಹಿಡಿದುಕೊಂಡು ದೇಹಕ್ಕೆ ಪೂರ್ತಿ ದಕ್ಕಗೊಡುವುದಿಲ್ಲ. ಮೊಳಕೆ ಬರಿಸಿದರೆ ಈ ಹಿಡಿತ ಸಡಿಲವಾಗುತ್ತದೆ. ರಾತ್ರಿ ಹುಳಿಯಲು ಬಿಟ್ಟ ಅಂಬಲಿಯಲ್ಲಿಯೂ ಹಾಗೆಯೇ. ರಾಗಿಯನ್ನು ರಾತ್ರಿ ನೆನೆಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಡಿ. ಮೊಳಕೆ ಇಣುಕಿದ ಮೇಲೆ ಒಣಗಿಸಿ, ಉಜ್ಜಿ ಬೇರು ಉದುರಿಸಿ, ಘಮ ಬರುವಷ್ಟು ಮಾತ್ರ ಹುರಿದು ಬೀಸಿಸಿ. ಆದರೆ ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಿ ಕೈ ಸುಟ್ಟುಕೊಂಡವರನ್ನು ಬಹಳ ನೋಡಿದ್ದೇನೆ. ಮೊಳಕೆಯೊಡೆದ ಕಾಳಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ತುಂಡರಿಸಿರುವುದರಿಂದ ಅದು ಗಟ್ಟಿಯಾಗದೆ ಅಂಟಂಟಾಗುತ್ತದೆ. ಗಂಜಿಗೆ ಮಾತ್ರ ಅದೇ ವರ: ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗಿರುತ್ತದೆ, ಪುಟ್ಟ ಹೊಟ್ಟೆಯ ಮಗುವಿಗೆ ನಾಲ್ಕು ಚಮಚದಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಮೊಳಕೆ ಹಿಟ್ಟು ಗಂಜಿಗೆ, ಸಾದಾ ಹಿಟ್ಟು ಮುದ್ದೆಗೆ. ಎರಡು ಡಬ್ಬಿಗೂ ಚೀಟಿ ಅಂಟಿಸಿಡಿ.

ಒಂಬತ್ತು, ಹನ್ನೊಂದು ಧಾನ್ಯಗಳ ಮಿಶ್ರಣವೆಂದು ಮಾರುವ ಹಿಟ್ಟುಗಳನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕೆಂಬ ನಿಯಮವಿದೆ. ಮೊದಲ ಹೆಸರು ಗೋಧಿಯಾಗಿದ್ದರೆ ನೀವು ಕೊಂಡದ್ದು ಮುಖ್ಯವಾಗಿ ಗೋಧಿಯನ್ನೇ. ರಾಗಿ ಬಿಸ್ಕತ್ತಿನ ಹಿಂಬದಿಯನ್ನೂ ಒಮ್ಮೆ ಓದಿ. ಮೈದಾ ಮುಂದೆ ನಿಂತಿರುವುದು ಅಪರೂಪವಲ್ಲ. ಅದಕ್ಕಿಂತ ಮನೆಯ ದೋಸೆ ಹಿಟ್ಟಿಗೆ ಎರಡು ಹಿಡಿ ರಾಗಿ ಹಿಟ್ಟು ಕದಡಿ, ಚಪಾತಿ ಹಿಟ್ಟಿನ ಕಾಲು ಭಾಗ ಜೋಳವಾಗಲಿ. ಮುದ್ದೆ, ರೊಟ್ಟಿಗಳನ್ನು ಬಿಡುವಿರುವ ಭಾನುವಾರ ಕಲಿಯಬಹುದು.

ಕಳೆದ ವರ್ಷ ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ‘ಮೇಡಂ, ಅನ್ನ ಪೂರ್ತಿ ಬಿಟ್ಟಿದ್ದೇನೆ. ಎರಡು ಹೊತ್ತೂ ಮುದ್ದೆಯೇ. ಆದರೂ ಶುಗರ್ ಇಳಿದಿಲ್ಲ’ ಎಂದರು. ಮುದ್ದೆಯ ಗಾತ್ರ ಕೇಳಿದೆ. ಎರಡೂ ಕೈ ಬೊಗಸೆ ಮಾಡಿ ತೋರಿಸಿದರು. ಊಟಕ್ಕೆ ಅಂಥವು ಎರಡು. ‘ಸಾರ್, ನಿಮ್ಮ ತಂದೆಯವರು ಅದನ್ನು ತಿಂದು ಉಳುಮೆಗೆ ಹೋಗುತ್ತಿದ್ದರು, ನೀವು ಪೇಪರ್ ಓದಲು ಹೋಗುತ್ತೀರಿ’ ಎಂದೆ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟವಿದ್ದರೆ ರಾಗಿಯಲ್ಲಿ 67. ವ್ಯತ್ಯಾಸ ಇದೆ, ಎರಡು ಬೊಗಸೆ ತಿನ್ನುವಷ್ಟು ಇಲ್ಲ. ನುಣ್ಣಗೆ ಬೀಸಿ ಚೆನ್ನಾಗಿ ಬೆಂದ ಹಿಟ್ಟು ಬೇಗ ಜೀರ್ಣವಾಗಿ ಸಕ್ಕರೆಯಾಗುತ್ತದೆ ಕೂಡ. ರಾಗಿಯಲ್ಲಿ ಪ್ರೋಟೀನ್ ಏಳೇ ಗ್ರಾಂ. ಅದನ್ನು ತುಂಬಿಕೊಡಬೇಕಾದದ್ದು ಹುರಳಿಕಾಳು, ಅವರೆ, ಬಸ್ಸಾರಿನ ತೊಗರಿಬೇಳೆ. ಮುದ್ದೆ ಒಂದಕ್ಕೆ ಇಳಿಯಲಿ, ಅದೂ ಅರ್ಧವಾಗಲಿ, ತಟ್ಟೆಯಲ್ಲಿ ಕಾಳು ಸೊಪ್ಪು ಹೆಚ್ಚಲಿ ಎಂದು ಬರೆದುಕೊಟ್ಟೆ.

ಮೂರು ತಿಂಗಳ ನಂತರ ರಿಪೋರ್ಟ್ ಹಿಡಿದು ಬಂದರು. ಸಕ್ಕರೆ ಇಳಿದಿತ್ತು, ಮುಖ ಮಾತ್ರ ಅರಳಿರಲಿಲ್ಲ. ‘ನೀವು ಹೇಳಿದ್ದು ಮುದ್ದೆಯಲ್ಲ ಮೇಡಂ, ಗೋಲಿ’ ಎಂದರು.