ಪದ ಪರಿಚಯ: ಪಿಎಚ್‌ಕ್ಯೂ-9

ಕೋವಿಡ್ ಕಾಲದಲ್ಲಿ ಕಾಲೇಜು ವಿದ್ಯಾರ್ಥಿಗಳ ಮನಸ್ಸಿನ ಸ್ಥಿತಿ ಅಳೆಯಲು ಹೊರಟ ಸಮೀಕ್ಷೆಗಳಲ್ಲಿ ಪದೇಪದೇ ಕಾಣುವ ಹೆಸರು ಪಿಎಚ್‌ಕ್ಯೂ-9. ‘ಪೇಷಂಟ್ ಹೆಲ್ತ್ ಕ್ವೆಶ್ಚನೇರ್’ ಎಂಬುದರ ಮೊದಲಕ್ಷರಗಳು, ಜೊತೆಗೆ ಪ್ರಶ್ನೆಗಳ ಸಂಖ್ಯೆ. ‘ವಿದ್ಯಾರ್ಥಿಗಳಲ್ಲಿ ಶೇಕಡ ಇಷ್ಟು ಮಂದಿಗೆ ಖಿನ್ನತೆ’ ಎಂಬ ಸುದ್ದಿಯ ಹಿಂದೆ ಬಹಳ ಸಲ ಇರುವುದು ಈ ಒಂದು ಪುಟದ ಹಾಳೆ. ಅದು ಏನು ಹೇಳುತ್ತದೆ, ಏನು ಹೇಳಲಾರದು ಎಂಬುದು ಬೆಂಗಳೂರಿನ ಪ್ರತಿ ಕಾಲೇಜಿನ ಮೆಂಟರ್‌ಗೂ ಹಾಸ್ಟೆಲ್ ವಾರ್ಡನ್‌ಗೂ ಗೊತ್ತಿರಬೇಕು.

ಅಮೆರಿಕದ ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್ ಮತ್ತು ಕರ್ಟ್ ಕ್ರೋಂಕೆ 1990ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಖಿನ್ನತೆಯ ತೀವ್ರತೆ ಅಳೆಯಲು ಇದು ಎಷ್ಟು ಸರಿ ಎಂದು ಪರೀಕ್ಷಿಸಿದ ಮುಖ್ಯ ಅಧ್ಯಯನ ಪ್ರಕಟವಾದದ್ದು 2001ರಲ್ಲಿ. ಬಿಡುವಿಲ್ಲದೆ ರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯರ ಕೈಗೆಂದೇ ಮಾಡಿದ ಸಾಧನ ಇದು. ರೋಗಿ ಹೊರಗೆ ಕುಳಿತು ಕೆಲವೇ ನಿಮಿಷಗಳಲ್ಲಿ ತುಂಬುತ್ತಾರೆ. ಒಳಗೆ ಹೋದಾಗ ವೈದ್ಯರು ಹಾಳೆ ನೋಡಿ ಮಾತು ಶುರು ಮಾಡುತ್ತಾರೆ. ಹಾಳೆಯ ನಂತರದ ಆ ಮಾತುಕತೆ ಸಾಧನದ ಉಳಿದರ್ಧ. ಲಾಕ್‌ಡೌನ್‌ನಲ್ಲಿ ಹಾಳೆ ಗೂಗಲ್ ಫಾರ್ಮ್ ಆಗಿ ಮೊಬೈಲಿಗೆ ಬಂತು, ಮಾತುಕತೆ ಅದರ ಜೊತೆ ಬರಲಿಲ್ಲ. ತಪ್ಪು ಓದುಗಳೆಲ್ಲ ಹುಟ್ಟುವುದು ಇಲ್ಲೇ.

ಪ್ರಶ್ನೆಗಳು ಕಳೆದ ಎರಡು ವಾರಗಳ ಬಗ್ಗೆ. ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದಿರುವುದು ಮೊದಲನೆಯದು. ಮನಸ್ಸು ಕುಗ್ಗಿ ಹತಾಶೆ ಕವಿಯುವುದು ಎರಡನೆಯದು. ಆಮೇಲೆ ನಿದ್ದೆ, ಸುಸ್ತು, ಹಸಿವು, ‘ನಾನು ಸೋತವನು, ಮನೆಯವರಿಗೆ ನಿರಾಸೆ ಮಾಡಿದೆ’ ಎಂಬ ಭಾವನೆ, ಏಕಾಗ್ರತೆ, ಚಲನೆ ಮತ್ತು ಮಾತು ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ. ಒಂಬತ್ತನೆಯದು, ಸತ್ತರೆ ಒಳ್ಳೆಯದಿತ್ತು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ ಎಂದರೆ 0, ‘ಕೆಲವು ದಿನ’ 1, ‘ಅರ್ಧಕ್ಕಿಂತ ಹೆಚ್ಚು ದಿನ’ 2, ‘ಹೆಚ್ಚುಕಡಿಮೆ ದಿನವೂ’ 3. ಒಟ್ಟು ಗರಿಷ್ಠ 27.

5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಸಾಕಷ್ಟು ತೀವ್ರ, 20 ಮತ್ತು ಮೇಲಿನದು ತೀವ್ರ. ಸೌಮ್ಯ ಹಂತದಲ್ಲಿ ಗಮನಿಸುತ್ತಿದ್ದು ಮತ್ತೆ ಅಳೆಯುವುದು ವಾಡಿಕೆ. 10 ಮುಟ್ಟಿದರೆ ಆಪ್ತಸಮಾಲೋಚಕರೋ ವೈದ್ಯರೋ ಕೂತು ಮಾತಾಡಲೇಬೇಕು. 15 ಅಥವಾ ಅದಕ್ಕಿಂತ ಮೇಲಿದ್ದರೆ ಚಿಕಿತ್ಸೆಯ ಪ್ರಶ್ನೆಯನ್ನು ಮುಂದೂಡಬಾರದು.

ಈ 10 ಎಂಬ ಗಡಿಯೇ ಸುದ್ದಿಗಳಲ್ಲಿ ‘ಖಿನ್ನತೆ ಇದೆ’ ಎಂದಾಗಿಬಿಡುತ್ತದೆ. 2001ರ ಅಧ್ಯಯನದಲ್ಲಿ 10ರ ಗಡಿ, ಖಿನ್ನತೆ ಇದ್ದವರಲ್ಲಿ ಶೇ. 88 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಶೇ. 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ಕೇಳಲು ಚೆನ್ನಾಗಿದೆ. ಈಗ 100 ವಿದ್ಯಾರ್ಥಿಗಳ ತರಗತಿ ತೆಗೆದುಕೊಳ್ಳಿ, ಅವರಲ್ಲಿ 10 ಮಂದಿಗೆ ನಿಜವಾಗಿ ಖಿನ್ನತೆ ಇದೆ ಅನ್ನೋಣ. ಆ 10ರಲ್ಲಿ ಸುಮಾರು 9 ಮಂದಿ ಗಡಿ ದಾಟುತ್ತಾರೆ. ಉಳಿದ 90ರಲ್ಲಿ ಶೇ. 12, ಅಂದರೆ ಸುಮಾರು 11 ಮಂದಿಯೂ ದಾಟುತ್ತಾರೆ. ಒಟ್ಟು 20 ಹೆಸರು ಬಂತು, ಅರ್ಧಕ್ಕಿಂತ ಹೆಚ್ಚಿನವರಿಗೆ ಖಿನ್ನತೆಯ ಕಾಯಿಲೆ ಇಲ್ಲ. ಫಾರ್ಮ್ ಸುಳ್ಳು ಹೇಳಿತು ಎಂದಲ್ಲ. ಯಾರ ಜೊತೆ ಮೊದಲು ಮಾತಾಡಬೇಕು ಎಂದು ಅದು ಹೇಳಿತು, ಅದರ ಕೆಲಸ ಅಷ್ಟೇ. ಆ 11 ಮಂದಿಯಲ್ಲೂ ಕಷ್ಟದಲ್ಲಿರುವವರು ಇರಬಹುದು; ಅವರ ಕಷ್ಟಕ್ಕೆ ಖಿನ್ನತೆ ಎಂದು ಹೆಸರಿಡುವ ಮೊದಲು ಕೇಳಿ ತಿಳಿಯಬೇಕು.

ಸಾಂಕ್ರಾಮಿಕದ ಹೊತ್ತಿನಲ್ಲಿ ಈ ಕಲಬೆರಕೆ ಇನ್ನೂ ಹೆಚ್ಚು. ಒಂಬತ್ತರಲ್ಲಿ ನಾಲ್ಕು ಪ್ರಶ್ನೆಗಳು, ಅಂದರೆ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ, ದೇಹಕ್ಕೂ ದಿನಚರಿಗೂ ಅಂಟಿಕೊಂಡಿವೆ. ಕೋವಿಡ್ ಬಂದು ಹೋದವರಿಗೆ ವಾರಗಟ್ಟಲೆ ಸುಸ್ತು ಉಳಿಯುವುದುಂಟು. ವಾಸನೆ, ರುಚಿ ಹೋದವರಿಗೆ ಅನ್ನ ಸೇರುವುದಿಲ್ಲ. ಬೆಳಗಿನಿಂದ ಮೊಬೈಲಿನಲ್ಲೇ ಪಾಠ ಕೇಳಿದವರಿಗೆ ಸಂಜೆ ಒಂದು ಪುಟ ಓದಲಾಗುವುದಿಲ್ಲ. ಬೇಗ ಏಳುವ ಕಾರಣ ಇಲ್ಲದಾಗ ನಿದ್ದೆಯ ಹೊತ್ತು ನಡುರಾತ್ರಿ ದಾಟಿ ಜಾರುತ್ತದೆ. ಈ ನಾಲ್ಕಕ್ಕೇ 2, 3, 2, 2 ಎಂದು ಬಿದ್ದರೆ 9 ಆಯಿತು. ಇನ್ನೆಲ್ಲಾದರೂ ಒಂದು ‘ಕೆಲವು ದಿನ’ ಸೇರಿದರೆ 10.

ಆದ್ದರಿಂದ ಮೊತ್ತಕ್ಕಿಂತ ಮೊದಲು ಅಂಕಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಬೇಕು. ನಿಯಮವೂ ಹಾಗೇ ಇದೆ: ಖಿನ್ನತೆ ಇರಬಹುದೆಂದು ಗಟ್ಟಿಯಾಗಿ ಅನುಮಾನಿಸಲು ಕನಿಷ್ಠ ಐದು ಪ್ರಶ್ನೆಗಳಿಗೆ 2 ಅಥವಾ 3 ಬಂದಿರಬೇಕು, ಅವುಗಳಲ್ಲಿ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ಒಂಬತ್ತನೆಯದಕ್ಕೆ 1 ಬಂದರೂ ಲೆಕ್ಕಕ್ಕೆ ಸೇರುತ್ತದೆ. 12 ಅಂಕದ ಇಬ್ಬರನ್ನು ಪಕ್ಕದಲ್ಲಿಟ್ಟು ನೋಡಿ. ಒಬ್ಬಳಿಗೆ ಅಂಕವೆಲ್ಲ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆಯಲ್ಲೇ ಬಂದಿದೆ. ಅವಳನ್ನು ಮೊದಲು ಸಾಮಾನ್ಯ ವೈದ್ಯರು ನೋಡಲಿ, ರಕ್ತಹೀನತೆ, ಥೈರಾಯ್ಡ್ ಪರೀಕ್ಷಿಸಲಿ. ಇನ್ನೊಬ್ಬನಿಗೆ ಆಸಕ್ತಿ 3, ಹತಾಶೆ 3, ಸೋತೆನೆಂಬ ಭಾವನೆ 3, ನಿದ್ದೆ 2, ಒಂಬತ್ತನೆಯದು 1. ಅವನ ಜೊತೆ ಇವತ್ತೇ ಮಾತಾಡಬೇಕು. ಎಕ್ಸೆಲ್ ಶೀಟಿನಲ್ಲಿ ಇಬ್ಬರೂ ‘ಮಧ್ಯಮ’.

ಎರಡು ವಾರದ ಕಿಟಕಿಯನ್ನೂ ಮರೆಯಬಾರದು. ಪದವಿಯ ಅಂತಿಮ ವರ್ಷದ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯಬೇಕೆಂದು ಯುಜಿಸಿ ಹೇಳಿದ್ದು 2020ರ ಜುಲೈ 6ರಂದು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಆಗಸ್ಟ್ 28ರಂದು. ನಡುವಿನ ವಾರಗಳಲ್ಲಿ ಫಾರ್ಮ್ ತುಂಬಿದ ವಿದ್ಯಾರ್ಥಿಯ ಅಂಕದಲ್ಲಿ ಆ ಅನಿಶ್ಚಯವೂ ಇದೆ. ಹಾಗಾಗಿ ಸಮೀಕ್ಷೆಯ ತಾರೀಖು ನೋಡದೆ ಶೇಕಡಾವಾರು ಹೋಲಿಸಬಾರದು. ಲಿಂಕ್ ಯಾರಿಗೆ ತಲುಪಿತು ಎಂಬುದೂ ಅಷ್ಟೇ ಮುಖ್ಯ. ಪಿಜಿ ಖಾಲಿ ಮಾಡಿ ರಾಯಚೂರಿಗೋ ಚಾಮರಾಜನಗರಕ್ಕೋ ಹೋಗಿ, ಸಿಗ್ನಲ್ ಇಲ್ಲದ ಊರಿನಲ್ಲಿ ಕೂತವರು ಆನ್‌ಲೈನ್ ಸಮೀಕ್ಷೆಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ತುಂಬಿದವರಲ್ಲೂ ಅಪ್ಪ ಅಮ್ಮ ಪಕ್ಕದಲ್ಲಿರುವಾಗ, ಮನೆಗೆಲ್ಲ ಒಂದೇ ಮೊಬೈಲ್ ಇರುವಾಗ, ಆರನೇ (ಸೋತೆನೆಂಬ ಭಾವನೆ) ಮತ್ತು ಒಂಬತ್ತನೇ ಪ್ರಶ್ನೆಗೆ 0 ಒತ್ತುವುದೇ ಸುಲಭ.

ಒಂಬತ್ತನೇ ಪ್ರಶ್ನೆಯ ಬಗ್ಗೆ ನಮ್ಮ ಮಾತು ಖಚಿತ: ಉತ್ತರವನ್ನು ಅದೇ ದಿನ ನೋಡುವ ಒಬ್ಬ ಜವಾಬ್ದಾರಿಯ ವ್ಯಕ್ತಿ ಇಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಅದನ್ನು ಬಿಟ್ಟ ಎಂಟು ಪ್ರಶ್ನೆಗಳ ರೂಪವೂ ಬಳಕೆಯಲ್ಲಿದೆ, ಪಿಎಚ್‌ಕ್ಯೂ-8 ಎಂದು. ಹೆಸರು ಕೇಳದ ಸಮೀಕ್ಷೆಗೆ ಅದೇ ಸರಿ. ಕೇಳುವುದಾದರೆ ಸಂಪರ್ಕ ಸಂಖ್ಯೆ ಇರಲಿ, ಯಾರು ನೋಡುತ್ತಾರೆಂದು ಫಾರ್ಮಿನ ಮೇಲೇ ಬರೆಯಿರಿ. ಒಟ್ಟು ಅಂಕ 4 ಇದ್ದರೂ ಒಂಬತ್ತನೆಯದಕ್ಕೆ 1 ಬಂದಿದ್ದರೆ ಕರೆ ಮಾಡಬೇಕು. ವಿದ್ಯಾರ್ಥಿ ಒಬ್ಬರೇ ಮಾತಾಡಬಹುದಾದ ಹೊತ್ತು ಕೇಳಿ, ನೇರವಾಗಿ ಕೇಳಿ: ಸಾಯುವ ಯೋಚನೆ ಬರುತ್ತಿದೆಯಾ, ಹೇಗೆಂದು ಯೋಚಿಸಿದ್ದೀರಾ, ಹಿಂದೆ ಪ್ರಯತ್ನಿಸಿದ್ದುಂಟಾ, ಈಗ ಜೊತೆಯಲ್ಲಿ ಯಾರಿದ್ದಾರೆ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಯೋಜನೆ ಇದೆ ಎಂದು ಗೊತ್ತಾದರೆ ಅವರನ್ನು ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತು ಕೈಗೆಟುಕದಂತೆ ಮಾಡಬೇಕು, ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಬೇಕು. ಊರಿನಲ್ಲಿರುವವರಿಗೆ ತುರ್ತು ಕರೆಯ ಸಂಖ್ಯೆ 112. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಿನ ಹೆದರಿಕೆಯಿಂದ ಬಾಯಿ ಮುಚ್ಚುವ ಮನೆಗಳಿವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಮನೆಯವರಿಗೆ ಇದನ್ನು ತಿಳಿಸಿ.

ಅದೇ ಕಾಯ್ದೆಯ 23ನೇ ಕಲಂ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಕಾಪಾಡುವ ಹೊಣೆಯನ್ನು ಆರೋಗ್ಯ ವೃತ್ತಿಪರರ ಮೇಲೆ ಹೊರಿಸಿದೆ. ವಿಭಾಗದ ಎಲ್ಲ ಅಧ್ಯಾಪಕರಿಗೂ ತೆರೆದಿರುವ ಶೀಟ್ ಆ ಗೋಪ್ಯತೆಗೆ ವಿರುದ್ಧ. ರೋಲ್ ನಂಬರ್ ಮತ್ತು ಅಂಕ ಆಪ್ತಸಮಾಲೋಚಕರಿಗೆ ಮಾತ್ರ ಕಾಣಲಿ, ಹಾಜರಾತಿ ಮತ್ತು ಇಂಟರ್ನಲ್ಸ್ ನೋಡುವವರ ಕೈಗೆ ಹೋಗದಿರಲಿ. ಇಲ್ಲವಾದರೆ ಮುಂದಿನ ಸಲ ಎಲ್ಲರೂ 0 ತುಂಬುತ್ತಾರೆ.

ಅಂಕ ನೋಡಿದ ವೈದ್ಯರು ಇನ್ನೂ ಕೆಲವನ್ನು ಕೇಳುತ್ತಾರೆ. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಅತಿ ಉತ್ಸಾಹದ ದಿನಗಳಿದ್ದವೇ? ಇದ್ದರೆ ಅದು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ಓಲಾಡುವ ಬೈಪೋಲಾರ್ ಕಾಯಿಲೆ ಇರಬಹುದು, ಔಷಧವೇ ಬೇರೆ. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಮನೆಯಲ್ಲಿ ಸಾವು ಆಗಿದೆಯಾ? 2021ರ ಎರಡನೇ ಅಲೆಯಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ವಿದ್ಯಾರ್ಥಿಗೆ 14 ಬಂದರೆ ಅದು ದುಃಖದ ಅಂಕವಿರಬಹುದು. ಅದನ್ನು ಕಾಯಿಲೆ ಎಂದು ಕರೆಯಲೂ ಬಾರದು, ‘ಸಹಜ’ ಎಂದು ಬಿಟ್ಟುಬಿಡಲೂ ಬಾರದು.

ಒಂಬತ್ತು ಪ್ರಶ್ನೆಗಳ ಕೆಳಗೆ ಅಂಕವಿಲ್ಲದ ಇನ್ನೊಂದು ಪ್ರಶ್ನೆ ಇದೆ: ಈ ತೊಂದರೆಗಳಿಂದ ಕೆಲಸ, ಮನೆಯ ಹೊಣೆ, ಜನರೊಂದಿಗಿನ ಒಡನಾಟ ಎಷ್ಟು ಕಷ್ಟವಾಗಿದೆ? ಆನ್‌ಲೈನ್ ಫಾರ್ಮ್ ಮಾಡುವಾಗ, ಮೊತ್ತಕ್ಕೆ ಸೇರದ ಇದನ್ನು ಕೈಬಿಡಬೇಡಿ. ಅಸೈನ್‌ಮೆಂಟ್ ಕೊಡುತ್ತಾ ಗೆಳೆಯರೊಡನೆ ಮಾತಾಡುತ್ತಾ ಇರುವ 11 ಬೇರೆ, ಕ್ಯಾಮೆರಾ ಆರಿಸಿ ಹಾಸಿಗೆ ಬಿಟ್ಟೇಳದ 11 ಬೇರೆ. ಮತ್ತೆ ಅಳೆಯುವಾಗ ಎರಡು ವಾರವಾದರೂ ಕಳೆದಿರಲಿ, ಇಲ್ಲವಾದರೆ ಹಳೆಯ ದಿನಗಳನ್ನೇ ಎರಡು ಸಲ ಎಣಿಸಿದಂತಾಗುತ್ತದೆ. 5 ಅಂಕ ಇಳಿದರೆ ನಿಜವಾದ ಸುಧಾರಣೆ ಎಂದು ತಿಳಿಯಬಹುದು. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ.