ಅಂಗಡಿ ಬಾಡಿಗೆಗೇ ಇರಲಾ, ಕೊಂಡುಕೊಳ್ಳಲಾ?

ಪ್ರಶ್ನೆ: ಮಂಡ್ಯದಲ್ಲಿ ಆರು ವರ್ಷದಿಂದ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೇನೆ. ಬಾಡಿಗೆ ತಿಂಗಳಿಗೆ 14 ಸಾವಿರ. ಈಗ ಓನರ್ ಅದೇ ಮಳಿಗೆಯನ್ನು 40 ಲಕ್ಷಕ್ಕೆ ಕೊಡುತ್ತೇನೆ, ನೀವೇ ತಗೊಳ್ಳಿ ಅನ್ನುತ್ತಿದ್ದಾರೆ. ಸುಮ್ನೆ ಬಾಡಿಗೆ ಕಟ್ಟುವ ಬದಲು ಅದೇ ದುಡ್ಡನ್ನು ಕಂತಿಗೆ ಕಟ್ಟಬಹುದಲ್ವಾ ಅಂತ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಸ್ವಂತದ್ದು ಅಂದರೆ ಅದರ ಧೈರ್ಯವೇ ಬೇರೆ, ನಿಜ. ಆದರೆ ‘ಅದೇ ದುಡ್ಡು’ ಅನ್ನುವ ಮಾತು ಸರಿಯಲ್ಲ. ಲೆಕ್ಕ ಹಾಕಿ ನೋಡಿ.

ಬ್ಯಾಂಕು 25 ಲಕ್ಷ ಸಾಲ ಕೊಟ್ಟಿತು ಅಂದುಕೊಳ್ಳಿ. ಶೇ 10 ಬಡ್ಡಿ, 10 ವರ್ಷ. ತಿಂಗಳ ಕಂತು ಸುಮಾರು 33 ಸಾವಿರ. ಮೊದಲ ಕಂತಿನಲ್ಲಿ ಬಡ್ಡಿಯೇ 20,800. ಅಂದರೆ ನೀವು ಈಗ ಕಟ್ಟುವ ಬಾಡಿಗೆಗಿಂತ ಬಡ್ಡಿಯೇ ಜಾಸ್ತಿ. ಉಳಿದ 15 ಲಕ್ಷ ಕೈಯಿಂದ ಹಾಕಬೇಕು. ಅದರ ಮೇಲೆ ರಿಜಿಸ್ಟ್ರೇಷನ್ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಪಟ್ಟಣದಲ್ಲಿ ಎಲ್ಲ ಸೇರಿ ಶೇ 7.6, ನಿಮ್ಮ ಮಳಿಗೆಗೆ ಹತ್ತಿರ ಹತ್ತಿರ 3 ಲಕ್ಷ. ಒಟ್ಟು 18 ಲಕ್ಷ ಕೈಯಲ್ಲಿರಬೇಕು.

ಆ 18 ಲಕ್ಷ ಎಲ್ಲಿಂದ ಬರುತ್ತದೆ? ನನ್ನ ಇಡೀ ಉತ್ತರ ನಿಂತಿರುವುದು ಇದರ ಮೇಲೆ. ಮಾಲು ತರುವ ದುಡ್ಡಿನಿಂದ ಬರುತ್ತದೆ ಅಂದರೆ ದಯವಿಟ್ಟು ಬೇಡ. ನಿಮ್ಮ ವ್ಯಾಪಾರ ನಿಮಗೇ ಗೊತ್ತು. ಒಬ್ಬ ಹೆಂಗಸು ಸೀರೆ ತಂದು ಸೆರಗು ಬಿಡಿಸಿ ಕೌಂಟರ್ ಮೇಲೆ ಹಾಸುತ್ತಾಳೆ. ನೀವು ಮೂರು ಥಾನು ಇಳಿಸಿ ಪಕ್ಕ ಇಟ್ಟು ತೋರಿಸುತ್ತೀರಿ. ಆ ಬಣ್ಣ ಸಿಕ್ಕರೆ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ದಾರ ಎಲ್ಲ ನಿಮ್ಮಲ್ಲೇ ಹೋಗುತ್ತದೆ. ಸಿಗದಿದ್ದರೆ ಸೀರೆ ಮಡಚಿಕೊಂಡು ಪಕ್ಕದ ಅಂಗಡಿಗೆ ನಡೆಯುತ್ತಾಳೆ. ಗೋಡೆ ನಿಮ್ಮದಾಗಿ ಥಾನು ಕಮ್ಮಿಯಾದರೆ ಏನು ಬಂತು?

ಇನ್ನೊಂದು, ಮಂಡ್ಯದ ವ್ಯಾಪಾರ ನೀರಿನ ಜೊತೆ ಏರಿಳಿಯುತ್ತದೆ. ಕಬ್ಬಿನ ಬಿಲ್ಲು ಬಂದರೆ ಪೇಟೆಯಲ್ಲಿ ಕಳೆ. ಕನ್ನಂಬಾಡಿ ತುಂಬದಿದ್ದರೆ ಎಲ್ಲರ ಗಲ್ಲಾಪೆಟ್ಟಿಗೆಯೂ ಬರಿದು. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿ ಗಲಾಟೆ ಆದಾಗ ಊರಲ್ಲಿ ಬಂದ್ ಆಗಿದ್ದು ನೆನಪಿದೆ ಅಲ್ವಾ? ಅಂಥ ತಿಂಗಳಲ್ಲಿ ಓನರ್ ಹತ್ತಿರ ‘ಅಣ್ಣ, ಹತ್ತು ದಿನ ತಡೀರಿ’ ಅನ್ನಬಹುದು. ಬ್ಯಾಂಕಿನ ಕಂತು ಹತ್ತು ದಿನ ತಡೆಯುವುದಿಲ್ಲ.

ಜಾಗವೂ ಯಾವಾಗಲೂ ಹಾಗೇ ಇರುವುದಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬೈಪಾಸ್ ಆದ ಮೇಲೆ ಬಸ್ಸು ಕಾರುಗಳು ಮದ್ದೂರು, ಮಂಡ್ಯದ ಒಳಗೆ ಬರುವುದೇ ಕಮ್ಮಿಯಾಯಿತು. ಹಳೇ ರಸ್ತೆಯ ಬದಿಯಲ್ಲಿ ಹೋಟೆಲು, ಎಳನೀರು ಅಂಗಡಿ ಇಟ್ಟವರಿಗೆ ದೊಡ್ಡ ಏಟು. ಬಾಡಿಗೆಯವನು ಅಡ್ವಾನ್ಸ್ ಇಸಕೊಂಡು ಬೇರೆ ಕಡೆ ಹೋಗಬಹುದು. ಸಾಲ ಮಾಡಿ ಕೊಂಡವನು ಅಲ್ಲೇ ಕೂರಬೇಕು. ನಿಮ್ಮ ಗಿರಾಕಿಗಳು ಊರಿನವರೇ ಆದ್ದರಿಂದ ನಿಮಗೆ ಈ ಭಯ ಕಮ್ಮಿ.

ಹಾಗಂತ ಬಾಡಿಗೆಯ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಮೈಸೂರಿನ ಶಿವರಾಂಪೇಟೆಯಲ್ಲಿ ನಮ್ಮ ಚಿಕ್ಕಪ್ಪ ಹನ್ನೊಂದು ವರ್ಷ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದರು. ಎಲ್ಲ ಬಾಯಿಮಾತಿನ ಕರಾರು. ಓನರ್ ತೀರಿಕೊಂಡ ಮೇಲೆ ಅವರ ಮಕ್ಕಳು ಬಂದು ತಿಂಗಳೊಳಗೆ ಖಾಲಿ ಮಾಡಿ ಅಂದರು. ಸಾಮಾನು ಹೊರಲು ನಾನೂ ಹೋಗಿದ್ದೆ. ರ‍್ಯಾಕು ಕಿತ್ತ ಜಾಗದಲ್ಲಿ ಗೋಡೆಯ ಹಸಿರು ಬಣ್ಣ ಹೊಸದರ ಹಾಗೇ ಇತ್ತು. ತಾವೇ ದುಡ್ಡು ಕೊಟ್ಟು ಹಾಕಿಸಿದ್ದ ಶಟರನ್ನು ಚಿಕ್ಕಪ್ಪ ಅಲ್ಲೇ ಬಿಟ್ಟು ಬಂದರು. ಗಿರಾಕಿಗಳು ಬಿಟ್ಟುಹೋಗಿದ್ದ ನಾಲ್ಕು ಮಿಕ್ಸಿ ಜಾರುಗಳನ್ನು ಯಾರಿಗೆ ಹೇಗೆ ತಲುಪಿಸುವುದು ಅನ್ನುವುದೇ ಅವರ ಚಿಂತೆ. ಸ್ವಂತ ಅಂಗಡಿ ಇದ್ದಿದ್ದರೆ ಅಂತ ಅವತ್ತು ಅನ್ನಿಸಿತ್ತು. ಈಗ ಯೋಚಿಸಿದರೆ, ರಿಜಿಸ್ಟರ್ ಆದ ಒಂದು ಲೀಸ್ ಇದ್ದಿದ್ದರೂ ಸಾಕಿತ್ತು.

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ, ಅದು 14 ಚದರ ಮೀಟರ್‌ಗಿಂತ, ಅಂದರೆ ಸುಮಾರು 150 ಚದರಡಿಗಿಂತ, ದೊಡ್ಡ ಅಂಗಡಿಗೆ ಅನ್ವಯಿಸುವುದೇ ಇಲ್ಲ. ಅಂಥ ಮಳಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಯವರನ್ನು 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಎಲ್ಲರೂ ಬರೆಸುವ 11 ತಿಂಗಳ ಅಗ್ರಿಮೆಂಟಿನಿಂದ ಆ 11 ತಿಂಗಳ ಆಚೆಗೆ ನಿಮಗೆ ಯಾವ ಭದ್ರತೆಯೂ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಆದರೆ ರಿಜಿಸ್ಟರ್ ಆಗಲೇಬೇಕು. ಖರ್ಚಾಗುತ್ತದೆ, ಆಗಲಿ. ನಾಳೆ ಓನರ್ ಬೇರೆಯವರಿಗೆ ಮಾರಿದರೂ ಕೊಂಡವರು ಆ ಲೀಸನ್ನು ಒಪ್ಪಿಕೊಂಡೇ ಬರಬೇಕು.

ಯಾರು ಕೊಂಡುಕೊಳ್ಳಬಹುದು? ಜಾಗ ಬದಲಿಸಿದರೆ ಸೋಲುವವರು. ಫ್ಲೋರ್ ಮಿಲ್ಲು, ಎಣ್ಣೆ ಗಾಣ, ಬೇಕರಿಯ ಒಲೆ ಇಂಥವು. ತ್ರೀ ಫೇಸ್ ಕರೆಂಟು, ಮೆಷಿನ್ನಿಗೆ ಕಾಂಕ್ರೀಟು, ಚಿಮಣಿ, ಇವನ್ನೆಲ್ಲ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅಥವಾ ಮಾಲಿನ ದುಡ್ಡು ಮುಟ್ಟದೆ ಬೇರೆ ಉಳಿತಾಯ ಇದ್ದು, ವ್ಯಾಪಾರ ಬಿದ್ದ ತಿಂಗಳಲ್ಲೂ ಕಂತು ಕಟ್ಟಬಲ್ಲವರು. ಕೊಳ್ಳುವುದೇ ಆದರೆ ಇ-ಖಾತೆ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಡಿಜಿಟಲ್ ದಾಖಲೆ) ಮೊದಲು ಕೇಳಿ, ಈಗ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಕಟ್ಟಡದ ಪ್ಲಾನು ಮನೆಗೆ ಆಗಿದೆಯೋ ಅಂಗಡಿಗೆ ಆಗಿದೆಯೋ ಅಂತ ಕಣ್ಣಾರೆ ನೋಡಿ. ಮಂಡ್ಯ, ಮೈಸೂರು ಎರಡೂ ಊರಲ್ಲಿ ಮನೆಯ ಮುಂದಿನ ರೂಮಿಗೆ ಶಟರ್ ಹಾಕಿ ಅಂಗಡಿ ಮಾಡಿದ್ದು ಬೇಕಾದಷ್ಟಿದೆ. ಬ್ಯಾಂಕಿನವರು ತಗಾದೆ ತೆಗೆಯುವುದು ಅಲ್ಲೇ.

ನಿಮ್ಮ ವಿಷಯಕ್ಕೆ ಬಂದರೆ, ಈಗ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಓನರ್ ಹತ್ತಿರ ಕೂತು 5 ಅಥವಾ 9 ವರ್ಷದ ಲೀಸ್ ಕೇಳಿ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ ಅನ್ನುವುದು ಅದರಲ್ಲೇ ಇರಲಿ. ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸ್ಸು, ರ‍್ಯಾಕು ಶಟರು ಯಾರದ್ದು, ಮಾರುವಾಗ ಮೊದಲು ನಿಮಗೇ ಹೇಳಬೇಕು, ಇವನ್ನೂ ಬರೆಸಿ. ಅವರಿಗೆ ದುಡ್ಡಿನ ಅರ್ಜೆಂಟು ಇರಬಹುದು, ಆದ್ದರಿಂದ ಅಡ್ವಾನ್ಸ್ ಒಂದಿಷ್ಟು ಜಾಸ್ತಿ ಕೊಡುತ್ತೇನೆ ಅಂದು ನೋಡಿ. ಒಪ್ಪಿದರೆ ಅವರು ಮನಸ್ಸು ಬದಲಿಸುವ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ.